ಮೂರು ಪಟ್ಟೆಯ ವಿಮಾನ ಮತ್ತು ಕುರುಗೋಡಿನ ಅತ್ತೆ

ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಸುವ ನನಗೆ ಹಳೆಯ ವಿಮಾನಗಳ ಹುಚ್ಚು ಹೇಗೆ ಹತ್ತಿತೆಂದು ಕೇಳಬೇಡಿ, ಹತ್ತಿತು. ಫೋನಿನಲ್ಲಿ ನಮ್ಮದೊಂದು ಗುಂಪಿದೆ. ಯಾರಾದರೂ ಒಬ್ಬರು ಮಸುಕಾದ ಫೋಟೊ ಹಾಕುತ್ತಾರೆ. ಅದರಲ್ಲಿ ರೆಕ್ಕೆಯ ತುದಿಯೋ ಬಾಲದ ಚಕ್ರವೋ ಕಂಡರೆ ಹೆಚ್ಚು. ಉಳಿದವರು ಅದು ಯಾವ ವಿಮಾನವೆಂದು ಪತ್ತೆ ಹಚ್ಚಬೇಕು. ಕೆಲಸವಿಲ್ಲದ ಗಂಡಸರು ಪ್ರಪಂಚದ ಮೂಲೆಮೂಲೆಯಿಂದ ಬಂದು ಅಲ್ಲಿ ಸೇರಿದ್ದಾರೆ. ಕೆಲಸವಿದ್ದೂ ಸೇರಿದವನು ಬಹುಶಃ ನಾನೊಬ್ಬನೇ.

ಒಮ್ಮೆ ಬರೀ ಕಿಟಕಿಯ ಮೂಲೆ ನೋಡಿ ವಿಮಾನದ ಹೆಸರು ಹೇಳಿಬಿಟ್ಟೆ. ಗುಂಪೆಲ್ಲ ಶಭಾಷ್ ಎಂದಿತು. ಹೆಂಡತಿಗೆ ಹೇಳಿದರೆ, “ಮೊನ್ನಿ ಬಸ್‌ಸ್ಟ್ಯಾಂಡಿನ್ಯಾಗ ನಮ್ಮ ಕಾಕಾನ್ನ ಗುರ್ತು ಹಿಡೀಲಿಲ್ಲ, ವಿಮಾನ ಗುರ್ತು ಹಿಡಿತಾರಂತ” ಎಂದಳು. ನಿಮ್ಮ ಕಾಕಾನಿಗೆ ರೆಕ್ಕೆ ಇಲ್ಲವಲ್ಲ ಎಂದೆ. ಅವತ್ತು ಊಟ ನಾನೇ ಬಡಿಸಿಕೊಂಡೆ.

ಈ ಕೀರ್ತಿ ಕುರುಗೋಡಿನ ಅತ್ತೆಯವರೆಗೂ ಹೋಯಿತು. ಅತ್ತೆ ನನ್ನ ಅಪ್ಪನ ಅಕ್ಕ, ತವರು ಸಿರುಗುಪ್ಪದ ಕಡೆಯ ಹಚ್ಚೊಳ್ಳಿ. ಮದುವೆಗೆ ಮುಂಚೆ ತಮ್ಮ ಹೊಲದಲ್ಲಿ ವಿಮಾನ ಇಳಿದಿತ್ತು, ತಾನು ಅದರಲ್ಲಿ ಹಾರಿದೆ ಎಂದು ಅವಳು ಹೇಳುತ್ತ ಬಂದಿದ್ದಳು. ನಮ್ಮ ಮನೆತನದಲ್ಲಿ ಯಾರೂ ನಂಬಲಿಲ್ಲ. ಯಾವ ಮದುವೆಗೆ ಬಂದರೂ “ವಿಮಾನ ಎಲ್ಲಿ ನಿಂದರಿಸಿ ಬಂದಿ?” ಎಂದು ಕೇಳುವುದು, ನಗುವುದು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅಪ್ಪ; ವಿಮಾನ ಬಂತೆನ್ನುವ ಹೊತ್ತಿಗೆ ಅವರು ಶಾಲೆಯಲ್ಲಿದ್ದರಂತೆ.

ಅತ್ತೆ ನನ್ನನ್ನು ಕರೆಸಿ ಪೆಟ್ಟಿಗೆಯ ತಳದಿಂದ ಒಂದು ಕಪ್ಪುಬಿಳುಪು ಫೋಟೊ ತೆಗೆದುಕೊಟ್ಟಳು. ಲಂಗ ದಾವಣಿಯ ಹುಡುಗಿ, ಪಕ್ಕದಲ್ಲಿ ವಿಮಾನದ ಮೂತಿ. ಉಳಿದ ಭಾಗ ಹರಿದುಹೋಗಿತ್ತು.

“ಸಿರುಗುಪ್ಪದಾಗ ನಮ್ಮವರ ಮದುವಿ ಬಂತಲೇ. ನಾ ಸುಳ್ಳಿ ಅಲ್ಲ ಅಂತ ಈ ಸಲನರ ಎಲ್ಲಾರ ಮುಂದ ಹೇಳು” ಎಂದಳು. ನನಗೆ ನಿಜಕ್ಕೂ ಕೆಡುಕೆನಿಸಿತು.

ಅವಳನ್ನು ನಾಲ್ಕು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಪರಿಣತನಾದವನು ಅತ್ತೆಯನ್ನು ಕೇಳುತ್ತಾನೆಯೇ? ಫೋಟೊ ಗುಂಪಿಗೆ ಹಾಕಿದೆ. ವಿಮಾನದ ಮೂತಿಯ ಮೇಲೆ ಮೂರು ಬಿಳಿ ಪಟ್ಟೆ, ನಡುವೆ ಒಂದು ಕಪ್ಪು ಚುಕ್ಕೆ. ಇದು ಯುದ್ಧದ ಕಾಲದ ಯಾವುದೋ ದಳದ ಗುರುತು ಎಂದ ಒಬ್ಬ. ಅಲ್ಲ, ಚುಕ್ಕೆ ಇರುವುದರಿಂದ ತರಬೇತಿ ದಳದ್ದು ಎಂದ ಇನ್ನೊಬ್ಬ. ಇಬ್ಬರೂ ಮಾತು ಬಿಟ್ಟರು. ನಾನು ಚುಕ್ಕೆಯವನ ಪಕ್ಷ ವಹಿಸಿ ಉದ್ದುದ್ದ ಬರೆದೆ. ದಿನಾ ಬೆಳಿಗ್ಗೆ ಹಣೆಗೆ ಮೂರು ಬೆರಳು ಎಳೆದುಕೊಂಡು ಅಂಗಡಿಗೆ ಹೋಗುವವನು ನಾನು.

ಕೊನೆಗೆ ಕುರುಗೋಡಿಗೆ ಹೋಗಿ, “ಇದು ಯಾವ ದಳದ ವಿಮಾನ ಅಂತ ಪೈಲಟ್ ಹೇಳಿದ್ನೇನು ಅತ್ತಿ?” ಎಂದೆ.

“ದಳ ಅಲ್ಲಲೇ, ಈಬತ್ತಿ ಅದು! ನಾನಾ ಹಚ್ಚೀನಿ. ಹೊಸಾ ಗಾಡಿ ಹೊಲಕ್ಕ ಬಂದ್ರ ಪೂಜಿ ಮಾಡಬಾರದೇನು? ಮ್ಯಾಲೆ ಕುಂಕುಮ ಇಟ್ಟೀನಿ, ಮುಂದ ಕಾಯಿ ಒಡದೀನಿ.”

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ತಿರುಗಿದ್ದೆ. ಪಟ್ಟೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅದು ದೇವರ ಬೂದಿ ಎಂದು ಗುಂಪಿಗೆ ಬರೆದೆ. ಅಂದೇ ಸಂಜೆ ಉತ್ತರ ಸಿಕ್ಕಿತು. ಅದು ಬೆಳೆಗೆ ಔಷಧಿ ಹೊಡೆಯುವ ಪುಟ್ಟ ವಿಮಾನ. ಬಹಳ ಅಪರೂಪದ್ದು. ಸೀಟು ಒಂದೇ.

ಒಂದೇ ಸೀಟು ಎಂಬುದನ್ನು ಎರಡು ಸಲ ಓದಿದೆ. ಪೈಲಟ್ ಕೂತರೆ ಅತ್ತೆ ಎಲ್ಲಿ?

ಸಿರುಗುಪ್ಪದ ಮದುವೆಯಲ್ಲಿ ತಪ್ಪಿಸಿಕೊಂಡು ಓಡಾಡಿದೆ. ಊಟದ ಪಂಕ್ತಿಯಲ್ಲಿ ಅಪ್ಪ ಬಿಡಲಿಲ್ಲ. “ಅಕ್ಕನ ಫೋಟೊ ನೋಡಿ ಏನಂದ್ರೋ ನಿಮ್ಮ ಫೋನಿನ ಪಂಡಿತರು?” ಎಂದರು. ಎಲೆ ನೋಡುತ್ತ, “ವಿಮಾನ ಖರೇ ಐತಿ. ಆದ್ರ ಒಂದಾ ಸೀಟು” ಎಂದೆ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಹೋಳಿಗೆ ಬಡಿಸುತ್ತಿದ್ದವನೂ ನಿಂತು ನಕ್ಕ.

ಅತ್ತೆ ನಿಧಾನಕ್ಕೆ ತುತ್ತು ನುಂಗಿದಳು. “ಹೌದು, ಒಂದಾ ಸೀಟು. ಅದ್ರಾಗ ಪೈಲಟ್ಟು ಕುಂತಿದ್ದ. ನಾ ಔಷಧಿ ಡಬ್ಬ್ಯಾಗ ಕುಂತಿದ್ದೆ.”

ಹೋಳಿಗೆಯವನು ಬುಟ್ಟಿ ಕೆಳಗಿಟ್ಟು ಹತ್ತಿರ ಬಂದ.

“ಮೂತಿ ಹಿಂದ ದೊಡ್ಡ ಡಬ್ಬಿ ಇತ್ತು, ಖಾಲಿ. ಆ ಪುಣ್ಯಾತ್ಮ ತೆಲುಗಿನಾವ. ನಾ ಕಾಯಿ ಒಡದಿದ್ದಕ್ಕ ಖುಷಿಯಾಗಿ ‘ಕೂರ್ಚೋ ಅಮ್ಮಾ’ ಅಂದ. ಕುಂತೆ. ಮುಚ್ಚಳ ಹಾಕಿದ.”

ಅಪ್ಪ ತುತ್ತು ಎಲೆಗೆ ಹಾಕಿ ಅವಳತ್ತ ತಿರುಗಿದರು. “ಅವತ್ತು ಅವ್ವ ನಿನ್ನ ಕಾಲುವ್ಯಾಗ ಮುಳುಗಿಸಿ ಮುಳುಗಿಸಿ ತಿಕ್ಕಿದ್ಲಲ್ಲ, ಔಷಧಿ ನಾತ ಅಂತ… ಇದಕ್ಕಾ? ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ಲ ಅಕ್ಕಾ?”

“ಹಾರಿದಿ ಏನು ಅಂದ್ರಿ, ಹಾರೀನಿ ಅಂದೆ. ನಕ್ಕೋತ ಹೋದ್ರಿ. ಎಲ್ಲಿ ಕುಂತಿದ್ದಿ ಅಂತ ಯಾರು ಕೇಳಿದ್ರಿ?”

ನಾಚಿಕೆಯಾಯಿತು, ನನಗೂ. ಅಪ್ಪ ಚಿಕ್ಕ ಹುಡುಗನಂತೆ ಮೆಲ್ಲಗೆ ಕೇಳಿದರು: “ಮ್ಯಾಲಿಂದ ನಮ್ಮ ಮನಿ ಕಾಣ್ತೇನಕ್ಕಾ?”

“ಮುಚ್ಚಿದ ಡಬ್ಬ್ಯಾಗ ಏನು ಕಾಣ್ತತಿ? ಬರೇ ಕತ್ತಲಿ.”

“ಮತ್ತ ಹಾರಿದ್ದು ಹೆಂಗ ಗೊತ್ತಾತು?”

“ಹೊಟ್ಟಿಗೆ ಗೊತ್ತಾತು” ಎಂದಳು ಅತ್ತೆ.