ಒಲೆ ಮೊದಲೋ, ಹೊಗೆಕಿಂಡಿ ಮೊದಲೋ

ನಾನು ಅಜ್ಜಿಯಾದೆ. ಇದನ್ನು ಮೊದಲು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮಿಕ್ಕ ಮಾತು ಮುಂದಕ್ಕೆ ಹೋಗುವುದಿಲ್ಲ. ಕೂಲಿಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿ, ಕಾಗುಣಿತ ಮುಗಿಯುವ ಮೊದಲೇ ಮದುವೆಯಾಗಿ ಬಂದವಳು ನಾನು. ಎಲ್ಲಾದರೂ ಒತ್ತು ತಪ್ಪಿದ್ದರೆ ನೀವೇ ಒಂದು ಹಾಕಿಕೊಂಡು ಓದಿ.

ಅದು ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಬಸ್ಸುಗಳು ಬೆನ್ನಿಗೆ ಇದ್ದಲ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ನಮ್ಮದು ಸೋಮನಹಳ್ಳಿಯ ಪಕ್ಕದ ಊರು. ಒಬ್ಬಳೇ ಮಗಳನ್ನು ಬ್ಲಫ್ ಅನ್ನುವ ಊರಿಗೆ ಕೊಟ್ಟಿದ್ದೆವು. ಅಳಿಯನಿಗೆ ಅಲ್ಲಿ ಕರೆಂಟು ತೆಗೆಯುವ ಕಡೆ ಕೆಲಸ, ಇರುವುದಕ್ಕೆ ಕ್ವಾರ್ಟರ್ಸು. ಮಗಳಿಗೆ ತಿಂಗಳು ನಿಂತಿದೆ ಎಂದು ಸುದ್ದಿ ಬಂದ ದಿನ ನಾನು ಹಸುವಿಗೆ ಇಡಬೇಕಾದ ಕಲಗಚ್ಚನ್ನು ತುಳಸಿಗೆ ಹಾಕಿದೆ. ಅಷ್ಟು ಸಂತೋಷ.

ಚೊಚ್ಚಲ ಹೆರಿಗೆ ತವರಿನಲ್ಲಿ ತಾನೆ? ಅದರಲ್ಲಿ ಕೇಳುವುದೇನಿದೆ ಅಂದುಕೊಂಡಿದ್ದೆ. ಬೀಗಿತ್ತಿ, ಅಂದರೆ ಮಗಳ ಅತ್ತೆ, ಗೌರಿ ಹಬ್ಬಕ್ಕೆ ಬಂದವರು ನಮ್ಮ ಅಡಿಗೆ ಮನೆಯಲ್ಲಿ ಒಂದು ಗಳಿಗೆ ಕೂತರು. ಕಣ್ಣಲ್ಲಿ ಮೂಗಲ್ಲಿ ನೀರಿಳಿಯಿತು. ನಮ್ಮ ಅಡಿಗೆ ಮನೆಗೂ ನಡುಮನೆಗೂ ನಡುವೆ ಇದ್ದದ್ದು ಅರ್ಧ ಗೋಡೆ. ಹೊಗೆ ಮನೆಯವರಂತೆ ಎಲ್ಲೆಲ್ಲೂ ಓಡಾಡಿಕೊಂಡಿತ್ತು.

"ಈ ಒಗೇಲಿ ಕೂಸು ಕಣ್ಣು ಬುಡಾದು ಎಂಗೆ ಕಣಮ್ಮ?" ಅಂದರು. "ಅಡ್ಗೆ ಮನೆ ಸರಿ ಮಾಡ್ಸಿ. ನಾನೇ ಬಂದು ನೋಡ್ತೀನಿ. ಸರಿ ಅನ್ನುಸ್ತೋ, ಸೊಸೇನ ಕಳುಸ್ತೀನಿ. ಇಲ್ಲಾ, ಬಾಣಂತನ ನಮ್ಮನೇಲೇ."

ಅವರು ಹೋದ ಮೇಲೆ ನಾನು ಅನ್ನ ಬಿಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಆದರೆ ಉಂಡದ್ದು ರುಚಿಸಲಿಲ್ಲ. ಮೊಮ್ಮಗುವಿಗೆ ಎರೆಯುವ ಮೊದಲ ನೀರು ಬೇರೆಯವರ ಕೈಯಲ್ಲಿ! ನನ್ನ ಕೈ ಏನು ಮಾಡಬೇಕು ಆಗ?

ಮರುದಿನವೇ ಜಗಲಿಯ ಮೇಲೆ ಪಂಚಾಯಿತಿ ಕೂತಿತು. ಪಂಚರು ಮೂವರೇ: ನನ್ನ ಯಜಮಾನರು, ನನ್ನ ಅತ್ತೆ, ನಾನು. ವಿಷಯ ಒಂದೇ, ಮೊದಲು ಏನು ಮಾಡುವುದು?

ಯಜಮಾನರು ಬ್ಲಫ್‌ನ ಕ್ವಾರ್ಟರ್ಸು ನೋಡಿ ಬಂದಿದ್ದರು. ನೋಡಿದ ದಿನದಿಂದ ಅವರ ತಲೆಯಲ್ಲಿ ನಿಂತದ್ದು ಅಲ್ಲಿನ ಒಲೆ.

"ಸೊಂಟದುದ್ದ ಕಟ್ಟೆ ಕಣೇ. ಅದರ್ ಮೇಲೆ ಒಲೆ. ನಿಂತ್ಕಂಡೇ ಬೇಯಿಸ್ತರೆ, ದೊರೆಸಾನೀರಂಗೆ! ಮೊದ್ಲು ಕಟ್ಟೆ. ಮಿಕ್ಕಿದ್ದೆಲ್ಲ ಅದರ ಇಂದೆ ಬತ್ತದೆ."

"ಬೀಗಿತ್ತಿ ಅಂದಿದ್ದು ಒಗೆ. ಮೊದ್ಲು ಕಿಂಡಿ ಮಾಡ್ಸಿ" ಅಂದೆ ನಾನು.

"ಒಲೆ ಎಲ್ಲಿ ಬತ್ತದೆ ಅಂತ ಗೊತ್ತಿಲ್ದೆ ಕಿಂಡಿ ಎಲ್ಲಿಡ್ಲೇ? ನಿನ್ ನೆತ್ತಿ ಮ್ಯಾಲಾ?"

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದವರು ಬಾಯಿ ಬಿಟ್ಟರು. "ಏನಾರ ಮಾಡ್ಕಳ್ಲಾ. ಹಳೇ ಒಲೆ ಮುಟ್ಟಂಗಿಲ್ಲ. ಮನೆ ಹೆಣ್ಮಗಳು ಬಸುರಿ ಇರುವಾಗ ಒಲೆ ಕಿತ್ತಾಕ್ತಾರೇನ್ಲಾ?"

ಅದಕ್ಕೆ ಎದುರಾಡುವವರು ಯಾರು? ಹಳೆಯ ಒಲೆ ಹಾಗೇ ಇರಲಿ, ಎದುರು ಗೋಡೆಗೆ ಹೊಸ ಕಟ್ಟೆ ಬರಲಿ ಎಂದು ತೀರ್ಮಾನವಾಯಿತು. ಯಜಮಾನರು ಮದ್ದೂರಿಗೆ ಗಾಡಿ ಹೊಡೆದು ಇಟ್ಟಿಗೆ ತಂದರು. ಸಿಮೆಂಟು ಸಿಗದು, ಗಾರೆಯಲ್ಲೇ ಕಟ್ಟೆ ಎದ್ದಿತು. ಅದಕ್ಕೆ ಮೂಲೆ ನುಣುಪು ಮಾಡಿಸಿ, ತಾವೇ ಅಂಗೈಯಲ್ಲಿ ಸವರಿ ಸವರಿ ನೋಡಿದರು. ಮದುವೆಯಾದ ಹೊಸತರಲ್ಲೂ ನನ್ನನ್ನು ಅಷ್ಟು ಸಲ ನೋಡಿರಲಿಲ್ಲ. ಕಟ್ಟೆಯ ನೇರಕ್ಕೆ ಮೇಲೆ ಹೆಂಚು ತೆಗೆದು ಹೊಗೆಕಿಂಡಿಯನ್ನೂ ಮಾಡಿಸಿದರು.

ಹೊಸ ಒಲೆಯಲ್ಲಿ ಅಡಿಗೆ ಶುರು ಮಾಡುವ ಮುಂಚೆ ಹಾಲು ಉಕ್ಕಿಸಬೇಕಲ್ಲ, ಅದನ್ನು ಬೀಗಿತ್ತಿಯ ಕೈಯಲ್ಲೇ ಮಾಡಿಸಿದರೆ ಅವರು ಕರಗುತ್ತಾರೆ ಎಂದು ನಾನು ಹೇಳಿದೆ. ಒಳ್ಳೆಯ ಯೋಚನೆ ಅಂತ ಎಲ್ಲರೂ ತಲೆಯಾಡಿಸಿದರು. ಅಲ್ಲಿಯವರೆಗೆ ಅಡಿಗೆ ಹಳೆಯ ಒಲೆಯಲ್ಲೇ. ಹೀಗಾಗಿ ಬೆಂಕಿಯಿದ್ದ ಒಲೆಗೆ ಕಿಂಡಿಯಿಲ್ಲ, ಕಿಂಡಿಯಿದ್ದ ಒಲೆಗೆ ಬೆಂಕಿಯಿಲ್ಲ. ನಾನು ಮೊದಲಿನಂತೆ ಕೆಮ್ಮಿಕೊಂಡು ಬೇಯಿಸುತ್ತಿದ್ದೆ. ಮಾಡಿದ್ದೆಲ್ಲ ರೊಟ್ಟಿ, ಅನ್ನ. ಸುಗ್ಗಿಯ ಗಲಾಟೆಯಲ್ಲಿ ಹಿಟ್ಟು, ಅಂದರೆ ರಾಗಿ ಮುದ್ದೆ, ಗದ್ದೆಯ ಹತ್ತಿರವೇ ಬೇಯುತ್ತಿತ್ತು.

ಬೀಗಿತ್ತಿ ಬರುವ ದಿನ ಬಂತು. ಅವರು ಹುಟ್ಟಿದ್ದು ಕೆರಗೋಡಿನಲ್ಲಿ, ರಾಗಿ ಹಿಟ್ಟು ತಿಂದು ಬೆಳೆದವರು. ಮುದ್ದೆಯನ್ನೇ ಮಾಡೋಣ ಎಂದು ಅವರೆಕಾಳಿನ ಸಾರಿಟ್ಟು, ಹಿಟ್ಟಿನ ಗಡಿಗೆಯನ್ನು ಕುದಿಯುತ್ತಿದ್ದಂತೆ ಕೆಳಗಿಳಿಸಿದೆ. ಹಿಟ್ಟು ತಿರುವುವುದು ಗೊತ್ತಲ್ಲ? ಗಡಿಗೆಯ ಕತ್ತಿಗೆ ಕವೆಗೋಲು ಕೊಟ್ಟು, ನೆಲದ ಮೇಲೆ ಕೂತು, ಎರಡೂ ಕಾಲು ಚಾಚಿ ಕೋಲಿನ ತುದಿಗಳನ್ನು ಪಾದದಲ್ಲಿ ಅದುಮಬೇಕು. ಆಗ ಗಡಿಗೆ ಅಲುಗುವುದಿಲ್ಲ, ಕೈಗೆ ಬಲ ಬರುತ್ತದೆ.

ಕೂತೆ. ಕಾಲು ಚಾಚಿದೆ. ಪಾದ ಹೋಗಿ ಹೊಸ ಕಟ್ಟೆಗೆ ಬಡಿಯಿತು. ಆ ಕಡೆ ತಿರುಗಿದೆ, ಒರಳುಕಲ್ಲು. ಈ ಕಡೆ ತಿರುಗಿದೆ, ಹಳೆಯ ಒಲೆಯ ಬೆಂಕಿ. ಹಿಟ್ಟು ಕಾಯುತ್ತದೆಯೇ? ಗಂಟು ಕಟ್ಟುತ್ತಿತ್ತು. ಉಳಿದ ದಾರಿ ಒಂದೇ. ಗಡಿಗೆಯನ್ನು ಬಾಗಿಲ ಬಳಿಗೆ ಎಳೆದು, ಎರಡೂ ಕಾಲನ್ನು ಹೊಸಿಲಿನ ಆಚೆ ನಡುಮನೆಗೆ ಚಾಚಿ ತಿರುವತೊಡಗಿದೆ.

ಅದೇ ಗಳಿಗೆಗೆ ಬೀಗಿತ್ತಿ ಒಳಗೆ ಬರಬೇಕೇ! ಅವರಿಗೆ ಎದುರಾದದ್ದು ನನ್ನ ಎರಡು ಅಂಗಾಲು.

"ಏನ್ ಬೀಗಿತ್ತೀ, ಕಾಲು ತೋರ್ಸಿ ಬರಮಾಡ್ಕತೀಯಾ?"

ಮಗಳು ಬರುವುದಿಲ್ಲ, ಮುಗಿಯಿತು ಅಂದುಕೊಂಡೆ. ಕಾಲು ತೆಗೆದರೆ ಹಿಟ್ಟು ನೆಲಕ್ಕೆ, ತೆಗೆಯದಿದ್ದರೆ ಸಂಬಂಧ ನೆಲಕ್ಕೆ.

"ಕಾಲು ಚಾಚಾಕೆ ಒಳಗೆ ಜಾಗ ಇಲ್ಲ ಕಣಕ್ಕಾ!" ಎಂದು ಅಳುವ ದನಿಯಲ್ಲಿ ಕೂಗಿದೆ.

ಅವರು ಅರ್ಧ ಗೋಡೆಯ ಮೇಲಿಂದ ಬಗ್ಗಿ ಒಳಗೆ ನೋಡಿದರು. ಕಟ್ಟೆ ನೋಡಿದರು, ಒಲೆ ನೋಡಿದರು, ಕಿಂಡಿ ನೋಡಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ನಡುಮನೆಯಲ್ಲಿ ದೊಪ್ಪನೆ ಕೂತು, ಕವೆಗೋಲನ್ನು ತಮ್ಮ ಪಾದಕ್ಕೆ ತೆಗೆದುಕೊಂಡರು. "ಏಳು ಮೇಲಕ್ಕೆ. ನಾನು ಅದುಮ್ತೀನಿ, ನೀನು ತಿರುವು. ಗಂಟಾದ್ರೆ ನಿನ್ನ ಬುಡಾಕಿಲ್ಲ."

ಅವರು ಹೊಸಿಲಾಚೆ, ನಾನು ಹೊಸಿಲೀಚೆ. ತಿರುವಿದೆವು. ಅಷ್ಟು ನುಣುಪಾದ ಹಿಟ್ಟು ನಮ್ಮ ಮನೆಯಲ್ಲಿ ಅದಕ್ಕೆ ಮುಂಚೆ ಆಗಿರಲಿಲ್ಲ.

ಎರಡು ಮುದ್ದೆ ನುಂಗಿದ ಮೇಲೆ ಬೀಗಿತ್ತಿ ನನ್ನ ಯಜಮಾನರನ್ನು ಕರೆದರು. "ನಮ್ ಬ್ಲಫ್ ಮನೇಲೂ ಇದೇ ಗೋಳು ಕಣಣ್ಣ. ಆ ನಿಂತ್ಕೊಳೋ ಒಲೇಲಿ ಅನ್ನ ಬೇಯ್ತದೆ ಅಷ್ಟೇಯ. ಮುದ್ದೆ ತಿರುವಾಕೆ ಕಾಲೆಲ್ಲಿ ಚಾಚನ? ಒಂದು ಒಳ್ಳೆ ಮುದ್ದೆ ಕಂಡು ಎಷ್ಟು ಕಾಲಾಯ್ತೋ. ಮೊದ್ಲು ಕಾಲಿಗೆ ಜಾಗ ನೋಡ್ಬೇಕು. ಆಮೇಕೆ ಬೆಂಕಿ ಇರೋ ಕಡೆ ಕಿಂಡಿ ಮಾಡ್ಸು. ಆ ಕಟ್ಟೆ ಕೆಡವಾಕು."

ಯಜಮಾನರ ಮುಖ ಗಾರೆಯ ಬಣ್ಣಕ್ಕೆ ತಿರುಗಿತು. ಅತ್ತೆ ಮೂಲೆಯಿಂದ ಕೂಗಿದರು. "ಬಸುರಿ ಇರುವಾಗ ಒಲೆ ಕೆಡವಂಗಿಲ್ಲ!"

"ಆಲು ಉಕ್ಸಿದ್ದೀರಾ ಅದ್ರಲ್ಲಿ?" ಬೀಗಿತ್ತಿ ಅತ್ತೆಯ ಕಡೆ ತಿರುಗಿದರು.

"ಇಲ್ಲ."

"ಆಲು ಉಕ್ಕದೆ ಒಲೆ ಎಂಗಾಯ್ತದೆ ಅಜ್ಜೀ? ಅದು ಬರೀ ಗೋಡೆ."

ಅತ್ತೆ ಬಾಯಲ್ಲಿದ್ದ ಎಲೆಯಡಿಕೆಯನ್ನು ಎಡದಿಂದ ಬಲಕ್ಕೆ ಹೊರಳಿಸಿದರು. "ಔದಲ್ಲ! ಕೆಡವ್ಲಾ ಮಗ, ಗೋಡೆ ತಾನೇ" ಅಂದರು.

ಪಾಪ, ಯಜಮಾನರೇ ಹಾರೆ ಹಿಡಿದರು. ನುಣುಪು ಮಾಡಿಸಿದ ಮೂಲೆಗೆ ಏಟು ಹಾಕುವಾಗ ಬೇರೆ ಕಡೆ ನೋಡುತ್ತಿದ್ದರು. ಆ ಇಟ್ಟಿಗೆಯಲ್ಲಿ ಬಚ್ಚಲಿಗೆ ಬಾಣಂತಿ ಕೂರುವ ಕಟ್ಟೆಯಾಯಿತು. ಹಳೆಯ ಒಲೆಯ ನೆತ್ತಿಗೆ ಕಿಂಡಿಯಾಯಿತು, ಹೊಗೆ ಮೇಲಕ್ಕೆ ಹೋಗುವುದನ್ನು ಕಲಿಯಿತು. ಮೊದಲಿನ ಕಿಂಡಿಯನ್ನು ಮುಚ್ಚಲಿಲ್ಲ, ಬೆಳಕು ಬರಲಿ ಅಂತ ಬಿಟ್ಟೆವು.

ಬೀಗಿತ್ತಿ ಮಾತಿಗೆ ತಪ್ಪಲಿಲ್ಲ. ಮಳವಳ್ಳಿ ಕಡೆಯಿಂದ ಬರುವ ಬಸ್ಸಿನಲ್ಲಿ ಮಗಳನ್ನು ಸೋಮನಹಳ್ಳಿಗೆ ತಂದಿಳಿಸಿದರು. ಇಳಿಸಿ, ತಾವೂ ಇಳಿದರು. ಎರಡು ದಿನ ಇದ್ದು ಹೋಗುತ್ತೇನೆ ಅಂದವರು ದಿನಾ ಹಿಟ್ಟು ತಿರುವಿಕೊಂಡು ಹೆರಿಗೆಯವರೆಗೂ ಉಳಿದರು.

ಹೆಣ್ಣು ಮಗು. ಕೆಂಪಗೆ, ಮುಷ್ಟಿ ಬಿಗಿ ಹಿಡಿದುಕೊಂಡು. ಮೊದಲ ನೀರು ನಾನೇ ಹಾಕಿದೆ. ಬೀಗಿತ್ತಿ ಬಗ್ಗಿ ನೋಡಿ, "ಮೂಗು ನಂದೇ ಕಣಮ್ಮ" ಅಂದರು. ಆ ಮೂಗು ನಮ್ಮ ಕಡೆಯದು, ಕುರುಡರಿಗೂ ಗೊತ್ತಾಗುತ್ತದೆ. "ಊಂ ಕಣಕ್ಕ, ನಿಮ್ದೇಯ" ಅಂದುಬಿಟ್ಟೆ. ಕೂಸು ನನ್ನ ತೊಡೆಯ ಮೇಲಿತ್ತು, ಮೂಗು ಯಾರದ್ದಾದರೇನು?