ಎಲೆಗೆ ಉಣಿಸಿದ ಗೊಬ್ಬರ

ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಜೆಪ್ಪುವಿನ ನಮ್ಮ ಮನೆಯ ಬಾವಿಕಟ್ಟೆಯ ಬದಿಯಲ್ಲಿ ಒಂದು ಬಾಲ್ದಿ ಇತ್ತು. ಏಳೂವರೆಗೆ ಅದು ಅಲ್ಲಿರಲಿಲ್ಲ. ನಡುವಿನ ಆ ಹತ್ತು ನಿಮಿಷಗಳನ್ನು ನಾನು ಎಷ್ಟು ಸಲ ಹಿಂದಕ್ಕೆ ತಿರುಗಿಸಿ ನೋಡಿದ್ದೇನೆ ಎಂದರೆ, ಗೋಡೆಯ ಗಡಿಯಾರಕ್ಕೂ ನನ್ನ ಮೇಲೆ ಬೇಸರ ಬಂದಿರಬೇಕು.

ಬಾಲ್ದಿಗಿಂತ ಮೊದಲು ಜೋಳದ ಮಾತು ಹೇಳಿಬಿಡುತ್ತೇನೆ. ನಮ್ಮ ನೆರೆಯ ಇದಿನಬ್ಬರಿಗೆ ಬಂದರಿನಲ್ಲಿ ಬೆಲ್ಲದ ಗೋದಾಮು. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಭಾವ ಯಾವುದೋ ದೂರದ ರೇವಿನಿಂದ ಸಿಹಿಜೋಳದ ಬೀಜದ ಪೊಟ್ಟಣವೊಂದನ್ನು ತಂದುಕೊಟ್ಟಿದ್ದ. ಬಿಡಿಸಿ ನೋಡಿದರೆ ಕಾಳೆಲ್ಲ ಸುಕ್ಕುಸುಕ್ಕು. “ಎಂತ ಮಾಸ್ಟ್ರೆ ಇದು, ಭಾವ ಪೊಟ್ಟಣದಲ್ಲಿ ಮುದುಕರನ್ನು ಕಟ್ಟಿ ತಂದಿದ್ದಾನೆ!” ಎಂದು ಇದಿನಬ್ಬರು ಅದನ್ನು ನನ್ನ ಕೈಗೆ ಸುರಿದರು. ಕಾಳಿನೊಳಗಿನ ಸಕ್ಕರೆ ಪೂರ್ತಿ ಹಿಟ್ಟಾಗದೆ ಉಳಿಯುವುದರಿಂದ ಅದು ಒಣಗಿದಾಗ ಹೀಗೆ ಮುದುಡುತ್ತದೆ ಎಂದು ನಾನು ಶಾಲೆಯಲ್ಲಿ ಪಾಠ ಹೇಳುವವನ ಗತ್ತಿನಲ್ಲಿ ವಿವರಿಸಿದೆ. ಮಳೆ ನಿಂತ ಮೇಲೆ ಎರಡು ಮನೆಗಳ ನಡುವಿನ ಪಟ್ಟಿಯಲ್ಲಿ ಬಿತ್ತಿದೆವು. ಮುದುಕರೆಲ್ಲ ವಾರದೊಳಗೆ ಎದ್ದು ನಿಂತರು.

ಆದರೆ ಮೊಣಕಾಲೆತ್ತರಕ್ಕೆ ಬಂದ ಗಿಡಗಳು ಅಲ್ಲಿಯೇ ಹಳದಿಗಟ್ಟಿದವು. ನಮ್ಮ ಊರಿನ ಕೆಂಪು ಮುರಕಲ್ಲು ಮಣ್ಣಿನ ಸ್ವಭಾವ ನಿಮಗೆ ಗೊತ್ತು. ಬುಡಕ್ಕೆ ಹಾಕಿದ್ದು ಬೇರಿಗೆ ಸಿಗುವ ಮೊದಲೇ ನೇತ್ರಾವತಿಯ ದಾರಿ ಹಿಡಿಯುತ್ತದೆ. ಹಾಗಾದರೆ ಎಲೆಗೇ ಉಣಿಸಿ ಎಂದು ಕೃಷಿ ಕಚೇರಿಯ ಪರಿಚಿತರೊಬ್ಬರು ಒಂದಿಷ್ಟು ಯೂರಿಯಾ ಕೊಟ್ಟರು. ಎಲೆ ಉಸಿರಾಡುತ್ತದೆಂದು ನಾನು ಮಕ್ಕಳಿಗೆ ಹೇಳಿಕೊಡುತ್ತಿದ್ದವನೇ. ಅದು ಮೈಯಿಂದಲೇ ಉಣ್ಣಲೂಬಲ್ಲದು ಎಂದಾಗ, ಮಗುವಿನ ಅಂಗೈಗೆ ಅನ್ನ ಸವರಿದರೆ ಹೊಟ್ಟೆ ತುಂಬುತ್ತದೆ ಎಂದು ಕೇಳಿದಷ್ಟು ಬೆರಗಾಯಿತು.

ಮೊದಲ ಸಲ ಕೈಪಂಪಿನಿಂದ ಸಿಂಪಡಿಸಿದಾಗ ಹನಿಗಳು ಕೆಸುವಿನೆಲೆಯ ಮೇಲಿನ ನೀರಿನಂತೆ ಉರುಳಿ ನೆಲ ಸೇರಿದವು. ಗೋಡೆಯ ಆಚೆಯಿಂದ ಇದಿನಬ್ಬರು ನಕ್ಕರು. “ಬಿ.ಎಸ್ಸಿ.ಯಲ್ಲಿ ಇದು ಕಲಿಸಲಿಲ್ಲವಾ ಮಾರಾಯ್ರೆ? ನಮ್ಮ ಗೋದಾಮಿನಲ್ಲಿ ಗೋಣಿಗೆ ಚೀಟಿ ನಿಲ್ಲುವುದು ಗಂಜಿಯಿಂದ. ಸ್ವಲ್ಪ ಗಂಜಿತಿಳಿ ಸೇರಿಸಿ ನೋಡಿ.” ಸೇರಿಸಿದೆ, ಹನಿ ಅಂಟಿ ನಿಂತಿತು. ನಾಲ್ಕೈದು ದಿನಗಳಲ್ಲಿ ನಡುನರದ ಗುಂಟ ಹಸಿರು ಹರಿದುಬಂತು. ಪ್ರತಿ ಬೆಳಿಗ್ಗೆ ಕೋಲು ಹಿಡಿದು ಅಳೆಯುತ್ತಿದ್ದೆ. ನಿನ್ನೆಯ ಗುರುತಿಗಿಂತ ಹೆಬ್ಬೆರಳಗಲ ಮೇಲೆ ಇಂದಿನ ಗುರುತು. ಕಣ್ಣೆದುರಿಗೇ ನಿಂತು, ಕಣ್ಣಿಗೆ ಕಾಣದಂತೆ ಬೆಳೆಯುವ ಆ ವಿದ್ಯೆಯ ಮುಂದೆ ನನ್ನ ಪಾಠವೆಲ್ಲ ಬರಿಯ ಹೆಸರುಗಳ ಪಟ್ಟಿಯೆನಿಸಿತು.

ಎರಡನೆಯ ಸಿಂಪಡಣೆಯ ದಿನವೇ ಆ ಏಳು ಇಪ್ಪತ್ತು. ಮತ್ತೆ ನೀರು ಬೆರೆಸಿ ತೆಳುಗೊಳಿಸಿದರಾಯಿತೆಂದು ಗಂಜಿತಿಳಿಯಲ್ಲಿ ಯೂರಿಯಾವನ್ನು ಗಟ್ಟಿಯಾಗಿಯೇ ಕರಗಿಸಿದ್ದೆ. ಆ ಬಿಳಿ ಹರಳು ಕರಗುವಾಗ ನೀರಿನ ಬಿಸಿಯನ್ನು ಹೀರಿಕೊಳ್ಳುತ್ತದೆ. ಬಾಲ್ದಿ ಕೈ ಮರಗಟ್ಟುವಷ್ಟು ತಣ್ಣಗಾಗಿತ್ತು. ಇದಿನಬ್ಬರು ಪಂಪಿನ ಚರ್ಮದ ವಾಶರಿಗೆ ತೆಂಗಿನೆಣ್ಣೆ ಹಾಕುತ್ತಿದ್ದರು. ಪಂಪನ್ನು ತರಲು ಅವರ ಮನೆಗೆ ಹೋದೆ. ನಮ್ಮ ಮನೆಯಲ್ಲಿ ಒಂದು ಕ್ರಮವಿತ್ತು: ಬಿಸಿ ತಿಳಿ ಮನುಷ್ಯರಿಗೆ, ತಣಿದ ತಿಳಿ ಹಟ್ಟಿಯ ದನಕ್ಕೆ. ಅಮ್ಮ ಬಂದು ಬಾಲ್ದಿ ಮುಟ್ಟಿ ನೋಡಿದ್ದಾಳೆ, ಗಂಜಿಯ ವಾಸನೆ ಬಂದಿದೆ, ಒಂದು ಹಿಡಿ ತೌಡು ಕಲಸಿ ಗಬ್ಬದ ದನ ಕೆಂಪಿಯ ಮುಂದೆ ಇಟ್ಟಿದ್ದಾಳೆ.

“ಬಾಲ್ದಿ ಎಲ್ಲಿ ಅಮ್ಮಾ?”

“ದನಕ್ಕೆ ಕೊಟ್ಟೆ ಮಗಾ. ನಿನ್ನೆಯದಲ್ವಾ? ಕೈಯಿಟ್ಟರೆ ಕೊರೆಯುತ್ತಿತ್ತು.”

ಓಡಿಹೋಗಿ ಕಸಿದುಕೊಂಡಾಗ ಅರ್ಧ ಮುಗಿದಿತ್ತು. ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕೆಂಪಿಯ ಚರ್ಮ ಕೆರೆಯ ನೀರಿನಂತೆ ಅದುರತೊಡಗಿತು. ಬಾಯಿಂದ ನೊರೆ, ಎಡಪಕ್ಕೆ ಉಬ್ಬಿ ಬಿಗಿಯಿತು, ಮುಂಗಾಲು ಮಡಿಸಿ ಬಿತ್ತು. ಎಲೆ ಗುಟುಕು ಗುಟುಕಾಗಿ ಕುಡಿದು ಹಸಿರಾಗಿಸಿಕೊಂಡದ್ದನ್ನೇ ದನದ ಹೊಟ್ಟೆ ನಿಮಿಷಗಳಲ್ಲಿ ಅಮೋನಿಯವಾಗಿ ಒಡೆಯುತ್ತಿದೆ ಎಂದು ನನಗೆ ಹೊಳೆಯಿತು. ಆ ಕ್ಷಾರಕ್ಕೆ ಮದ್ದು ಹುಳಿ. “ಹುಳಿ ಕೊಡಿ, ಹುಳಿ!” ಎಂದು ಕೂಗಿದೆ. ಇದಿನಬ್ಬರು ದನದ ಡಾಕ್ಟರನ್ನು ಕರೆತರಲು ಓಡಿದರು. ಅವರ ಹೆಂಡತಿ ಐಸಮ್ಮ ಉಪ್ಪಿನಕಾಯಿಗೆಂದು ಇಟ್ಟಿದ್ದ ಸುರ್ಕದ ಭರಣಿಯನ್ನೇ ಎತ್ತಿಕೊಂಡು ಬಂದರು. ಆ ವಿನೆಗರನ್ನು ತಣ್ಣೀರಿಗೆ ಬೆರೆಸಿ ಬಿದಿರ ಗೊಟ್ಟದಲ್ಲಿ ಹೊಯ್ದೆ. ಅಮ್ಮ ಕೊಂಬು ಹಿಡಿದಿದ್ದಳು. ಡಾಕ್ಟರು ಸೈಕಲಿನಿಂದ ಇಳಿದವರು ಭರಣಿ ಮೂಸಿ, “ನಿಲ್ಲಿಸಬೇಡಿ, ಹೊಯ್ಯಿರಿ” ಎಂದು ತಾವೂ ತೋಳು ಮಡಚಿದರು. ಸಂಜೆಗೆ ಕೆಂಪಿ ಎದ್ದು ಒಂದು ಹುಲ್ಲುಕಡ್ಡಿ ಎಳೆಯಿತು. “ದನ ಉಳಿಯಿತು. ಹೊಟ್ಟೆಯಲ್ಲಿರುವುದರ ಬಗ್ಗೆ ನಾನು ಈಗಲೇ ಹೇಳಲಾರೆ” ಎಂದು ಅವರು ಹೋದರು.

ತಪ್ಪು ನನ್ನದೆಂದು ನಾನು ಎಷ್ಟು ಹೇಳಿದರೂ ಅಮ್ಮ ಒಪ್ಪಲಿಲ್ಲ. “ನಿನ್ನ ತಪ್ಪು ನಿನಗುಂಟು. ಕೊಟ್ಟ ಕೈ ನನ್ನದಲ್ವಾ?” ಅಂದಿನಿಂದ ಅವಳು ರಾತ್ರಿಗೆ ಮೂರು ಸಲ ಎದ್ದು ಹಟ್ಟಿಗೆ ಹೋಗಿ ಕೆಂಪಿಯ ಕಿವಿ ಬೆಚ್ಚಗಿದೆಯೇ ಎಂದು ಮುಟ್ಟಿ ಬರುತ್ತಿದ್ದಳು. ಚಾಪೆಯ ಸದ್ದಿಗೆ ನನಗೂ ಎಚ್ಚರವಾಗುತ್ತಿತ್ತು. ಕಣ್ಣು ಮುಚ್ಚಿದರೆ ಅದುರುವ ಚರ್ಮವೇ ಕಾಣುತ್ತಿತ್ತು.

ನಮ್ಮ ಕಳವಳದ ಗೊಡವೆಯಿಲ್ಲದೆ ಜೋಳ ಬೆಳೆಯಿತು. ಮತ್ತೆ ಸಿಂಪಡಿಸುವ ಧೈರ್ಯ ನನಗಿರಲಿಲ್ಲ. ಒಮ್ಮೆ ಉಂಡದ್ದನ್ನೇ ಅದು ಮರೆಯದೆ ಬಾಳಿತು. ತಲೆಗಿಂತ ಮೇಲೆ ಹೂಗರಿ ಬಿಚ್ಚಿತು, ಕಂಕುಳಲ್ಲಿ ತೆನೆ ಮೂಡಿತು, ತೆನೆಯ ತುದಿಯಿಂದ ರೇಷ್ಮೆಯೆಳೆಗಳು ಇಳಿದವು. ಒಂದೊಂದು ಎಳೆಯೂ ಒಂದೊಂದು ಕಾಳಿಗೆ ಹೋಗುವ ದಾರಿ. ಒಂದು ಎಳೆಗೆ ಪರಾಗ ತಪ್ಪಿದರೆ ಆ ಕಾಳಿನ ಮನೆ ಖಾಲಿ. ಇದಿನಬ್ಬರು ಹಾಲು ತುಂಬಿದ ತೆನೆಯನ್ನು ಹಸಿಯಾಗಿಯೇ ಕಚ್ಚಿ, “ನನ್ನ ಬೆಲ್ಲಕ್ಕೆ ಮರ್ಯಾದೆ ಇಲ್ಲ ಇನ್ನು” ಎಂದರು. ಅಮ್ಮ ಮುಟ್ಟಲಿಲ್ಲ. ಅದರ ಒಂದು ಗರಿಯೂ ಹಟ್ಟಿಯ ಕಡೆ ಹಾರದಂತೆ ನೋಡಿಕೊಂಡಳು.

ತೆನೆ ಮುರಿದು ಮುಗಿಸಿದ ವಾರದಲ್ಲೇ, ಒಂದು ಮುಂಜಾನೆ ಕೆಂಪಿ ಕರು ಹಾಕಿತು. ಹೆಣ್ಣು. ಎರಡು ಸಲ ಮುಗ್ಗರಿಸಿ, ಮೂರನೆಯ ಸಲ ನಾಲ್ಕೂ ಕಾಲಿನ ಮೇಲೆ ನಿಂತು ಕೆಚ್ಚಲು ಹುಡುಕಿತು. ಮಧ್ಯಾಹ್ನ ಅಮ್ಮ ಕತ್ತಿ ಹಿಡಿದು ಜೋಳದ ಪಟ್ಟಿಗೆ ಬಂದಳು.

“ಇದರಲ್ಲಿ ಈಗ ಎಂತದೂ ಇಲ್ಲವಲ್ಲ ಮಗಾ?”

“ಇಲ್ಲ ಅಮ್ಮಾ. ಸಿಂಪಡಿಸಿ ಎರಡು ತಿಂಗಳ ಹತ್ತಿರ ಆಯಿತು.”

ನನ್ನ ಮಾತು ಅವಳಿಗೆ ಸಾಲಲಿಲ್ಲ. ಒಂದು ಗರಿ ಮುರಿದು ತಾನೇ ಜಗಿದಳು. ರಸ ನುಂಗಿ, ಸೊಂಟಕ್ಕೆ ಕೈಕೊಟ್ಟು ಬಿಸಿಲಿನಲ್ಲಿ ಬಹಳ ಹೊತ್ತು ನಿಂತಳು. ಆಮೇಲೆ ಹಸಿರಿನ್ನೂ ಆರದ ಒಂದು ಹೊರೆ ಕೊಯ್ದು ಕೆಂಪಿಯ ಮುಂದೆ ಹಾಕಿ, ಅದು ತಿಂದು ಮುಗಿಸುವವರೆಗೆ ಪಕ್ಕದಲ್ಲೇ ಕುಳಿತಳು.

ಅಂದು ಮಲಗಿ, ಚಾಪೆ ಸರಿಯುವ ಸದ್ದಿಗಾಗಿ ಕಾದೆ. ಕಾಯುತ್ತಿದ್ದದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಬಿಸಿಲು ಜಗಲಿಗೆ ಬಂದಿತ್ತು, ಹಟ್ಟಿಯಲ್ಲಿ ಕರು ಕೂಗುತ್ತಿತ್ತು, ಆ ಕೂಗಿಗೂ ಏಳದೆ ಅಮ್ಮ ಅಂಗೈಯನ್ನು ಕೆನ್ನೆಯ ಕೆಳಗಿಟ್ಟು ಮಲಗಿದ್ದಳು.