ದುರಗವ್ವನ ತಾಟು

ಮೊರಬದ ಬಸ್‌ಸ್ಟ್ಯಾಂಡಿನ ಬಾಜು, ಬೆಳೆಯ ಹುಳಕ್ಕೆ ಎಣ್ಣಿ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದ ಅಬ್ದುಲ್‌ಸಾಬನಿಗೆ ಉಣ್ಣಲು ಕೂತಾಗಲೇ ಇಲ್ಲದ ಉಪಾಯಗಳು ಹೊಳೆಯುತ್ತಿದ್ದವು. ಸಾರು ಹರಿದು ರೊಟ್ಟಿ ತೋಯುತ್ತದೆಂದು ತಾಟಿನ ನಡುವೆ ತಗಡಿನ ಒಡ್ಡು ಹಾಕಿದ. ನೊಣ ಓಡಿಸಲು ಹಳೇ ಪಂಪಿನ ಮೋಟರಿಗೆ ರೆಕ್ಕೆ ಕಟ್ಟಿ ತಾಟಿನ ಮೇಲೆ ತೂಗಹಾಕಿದ. ನೊಣಗಳೇನೋ ಹೋದವು, ಶೇಂಗಾಚಟ್ನಿಯೂ ಹಾರಿ ಎದುರು ಕೂತಿದ್ದ ಭಾವಮೈದುನನ ಕಣ್ಣಿಗೆ ಬಿತ್ತು. ಆತ ಆಮೇಲೆ ಎರಡು ಹಬ್ಬಕ್ಕೆ ಬರಲಿಲ್ಲ.

"ಇದ್ದ ತಾಟಿಗೆಲ್ಲಾ ತೂತು ಕೊರದ್ರಿ," ಎಂದಳು ಹೆಂಡತಿ ರೇಷ್ಮಾಬಿ. "ಕೈ ಸುಮ್ಮನಿರೂದಿಲ್ಲ ಅಂದ್ರ ದುರಗವ್ವಗರ ಏನರ ಮಾಡಿಕೊಡ್ರಿ."

ಬಾಜುಮನಿಯ ದುರಗವ್ವ ನಲವತ್ತು ವರ್ಷ ಕಂಡವರ ಹೊಲದಲ್ಲಿ ಕಳೆ ತೆಗೆದವಳು. ಹೋದ ವರ್ಷ ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು. ಒಂದೇ ಕೈಯಿಂದ ಮುರಿಯಹೋದರೆ ರೊಟ್ಟಿ ತಾಟಿನ ಸಮೇತ ಜಾರುತ್ತಿತ್ತು. ಸೊಸೆ ಮುರಿದುಕೊಡಲು ಬಂದರೆ, "ನಾ ಏನ್ ಕೂಸ?" ಎಂದು ಗದರುವಳು. ಎಲ್ಲರದೂ ಆದ ಮೇಲೆ ಮೂಲೆಯಲ್ಲಿ ಕೂತು ಒಂದಿಷ್ಟು ಅನ್ನ ಕಲಸಿ ಉಂಡು ಏಳುತ್ತಿದ್ದಳು.

ಅಬ್ದುಲ್‌ಸಾಬ ಒಂದು ತಾಟಿನ ತಳಕ್ಕೆ ಜಾರದಂತೆ ಸೈಕಲ್ ಟ್ಯೂಬು ಅಂಟಿಸಿದ. ರೊಟ್ಟಿ ಕಚ್ಚಿ ಹಿಡಿಯಲೆಂದು ಅಂಚಿಗೆ ಸ್ಪ್ರಿಂಗಿನ ಚಿಮಟ ಕೂರಿಸಿದ. ಮೊದಲ ದಿನ ಅದು ಕಡಕ್ ರೊಟ್ಟಿಯನ್ನು ಪುಡಿಪುಡಿ ಮಾಡಿತು.

"ಸಾಬಣ್ಣಾ, ಇದೇನ್ ಇಲಿ ಬೋನೇನೋ?" ಎಂದಳು ದುರಗವ್ವ.

ಆತ ತಾಟು ಎತ್ತಿಕೊಂಡು ಹೋದ. ಬಿಗಿ ಸಡಿಲಿಸಿ ತಂದರೆ ರೊಟ್ಟಿ ನಿಲ್ಲಲೇ ಇಲ್ಲ. ಅವತ್ತು ದುರಗವ್ವ ಚಿಮಟವನ್ನು ಬೆರಳಿನಿಂದ ಒತ್ತಿ ನೋಡಿದಳು.

"ಇದರ ಬಾಯಿ ಸಣ್ಣದಾತು. ನೀ ಚೂಟಾಕ ಹತ್ತೀದಿ. ರೊಟ್ಟೀನ ಅಂಗೈಲೆ ಒತ್ತಿ ಹಿಡೀತಾರ. ಅಷ್ಟ ಅಗಲ ಮಾಡು."

ಅಂಗೈಯಗಲದ ತಗಡು ಹಾಕಿ, ಅದಕ್ಕೆ ಅರಿವೆ ಸುತ್ತಿ ತಂದ. ಈ ಸಲ ರೊಟ್ಟಿ ಅಲುಗಲಿಲ್ಲ. ದುರಗವ್ವ ಒಂದು ಚೂರು ಮುರಿದಳು, ಪಲ್ಯ ಹಚ್ಚಿ ತಿಂದಳು. ಹೊಗಳಲಿಲ್ಲ. ಇನ್ನೊಂದು ರೊಟ್ಟಿ ಹಾಕೆಂದು ಸೊಸೆಗೆ ಹೇಳಿದಳು, ಅಷ್ಟೇ.

ಬ್ಯಾಸಿಗಿಯಲ್ಲಿ ಓಣಿಯವರೊಬ್ಬರ ಮದುವೆ ಶಲವಡಿಯಲ್ಲಾಯಿತು. ದುರಗವ್ವ ಚೀಲದಲ್ಲಿ ತಾಟು ತಂದು ಪಂಕ್ತಿಯ ನಡುವೆಯೇ ಕೂತಳು. ಬಡಿಸುವವನು ಅದನ್ನು ನೋಡುತ್ತ ನಿಂತ.

"ಏನ್ ನೋಡ್ತೀಯೋ? ಬದನಿಕಾಯಿ ಹಾಕು," ಎಂದಳು.

ನಾಲ್ಕು ಎಲೆ ಆಚೆ ಕೂತಿದ್ದ ಅಬ್ದುಲ್‌ಸಾಬನಿಗೆ ತಾಟಿನ ತಳದ ಟ್ಯೂಬಿನ ಒಂದು ಅಂಚು ಅಂಟು ಬಿಟ್ಟಿದ್ದು ಕಂಡಿತು. ಎದ್ದು ಹೋಗಿ ಒತ್ತಬೇಕೆನಿಸಿತು. ಅಷ್ಟರಲ್ಲಿ ಅವನ ಎಲೆಗೆ ಹುಗ್ಗಿ ಬಂತು.